ಗೋಡೆ ಕಡೆ ತಿರುಗಿಸಿಟ್ಟ ಪಟ

ಲಾಸ್ ಏಂಜಲೀಸ್
ಡಿಸೆಂಬರ್ 12, 2024, ಗುರುವಾರ

ಬೆಳಗಿನ ಜಾವ ನಾಲ್ಕಕ್ಕೇ ಎದ್ದೆ. ರೂಮ್‌ಮೇಟ್ ಆಗಲೇ ತಲೆ ಬಾಚಿಕೊಂಡು ರೆಡಿಯಾಗಿದ್ದಳು. ಇವತ್ತು ಗ್ವಾಡಲೂಪೆ ಮಾತೆಯ, ಅಂದರೆ ಮೆಕ್ಸಿಕೊದವರು ಪೂಜಿಸುವ ಮೇರಿ ಮಾತೆಯ ಹಬ್ಬ. ಬಾಯ್ಲ್ ಹೈಟ್ಸ್‌ನಲ್ಲಿರುವ ಅವಳ ಅಮ್ಮನನ್ನು ಕರೆದುಕೊಂಡು ಚರ್ಚಿಗೆ ಹೋದೆವು. ಕತ್ತಲಲ್ಲೇ ಜನ ಗುಲಾಬಿ ಹಿಡಿದು ನಿಂತಿದ್ದರು. ಹುಟ್ಟುಹಬ್ಬಕ್ಕೆ ಹಾಡುವ ಹಾಡನ್ನೇ ಮಾರಿಯಾಚಿ ಅನ್ನುವ ಮೆಕ್ಸಿಕನ್ ವಾದ್ಯಮೇಳದವರು ಮಾತೆಗೆ ಹಾಡಿದರು. ಸುಪ್ರಭಾತ ಕೇಳಿ ಬೆಳೆದ ನನಗೆ ಇದು ಪರಕೀಯ ಅನ್ನಿಸಲೇ ಇಲ್ಲ.

ಎರಡು ವರ್ಷದ ಹಿಂದೆ ಇದೇ ದಿನ ಇವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಅಮ್ಮ ಕೊಟ್ಟು ಕಳಿಸಿದ್ದ ಮಾತೆಯ ಪಟವನ್ನು ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದಳು. ಯಾಕೆ ಅಂತ ಕೇಳಿದ್ದಕ್ಕೆ, "ಚಿಕ್ಕವಳಿದ್ದಾಗಿಂದ ಎಲ್ಲರೂ ಇವಳನ್ನ ತೋರಿಸಿ, ಹೀಗೆ ತಲೆ ತಗ್ಗಿಸಿಕೊಂಡಿರು ಅಂದರು. ಸಾಕಾಗಿದೆ" ಅಂದಳು. ನಾನು ಮತ್ತೇನೂ ಕೇಳಲಿಲ್ಲ. ಸೀತೆಯ ಹೆಸರು ಹೇಳಿ ನನ್ನ ಬಾಯಿಯನ್ನೂ ಎಷ್ಟೋ ಸಲ ಮುಚ್ಚಿಸಿದ್ದಾರೆ.

ಅವಳು ಆ ಪಟವನ್ನು ಮತ್ತೆ ಈ ಕಡೆ ತಿರುಗಿಸಿದ್ದು ಒಂದು ಕಲಾ ಕ್ಲಾಸಿನ ನಂತರ. ಅಲ್ಲಿ ಕಲಾವಿದೆ ಯೊಲಾಂಡಾ ಲೊಪೆಜ್ ಅವರ 1978ರ ಮೂರು ಚಿತ್ರ ತೋರಿಸಿದರಂತೆ. ಮೂರರಲ್ಲೂ ಗ್ವಾಡಲೂಪೆಯ ಕಿರಣ, ನಕ್ಷತ್ರದ ಮೇಲುಹೊದಿಕೆ ಇವೆ. ಆದರೆ ಒಂದರಲ್ಲಿ ಲೊಪೆಜ್ ಅವರೇ ಓಟದ ಶೂ ಹಾಕಿ, ಕೈಯಲ್ಲಿ ಹಾವು ಹಿಡಿದು, ಕಾಲಡಿಯ ದೇವದೂತನನ್ನು ದಾಟಿ ಓಡಿ ಬರುತ್ತಿದ್ದಾರೆ. ಇನ್ನೊಂದರಲ್ಲಿ ಅವರಜ್ಜಿ ಹಾವಿನ ಚರ್ಮ, ಚಾಕು ಹಿಡಿದು ಕೂತಿದ್ದಾರೆ. ಮತ್ತೊಂದರಲ್ಲಿ ಅವರಮ್ಮ ಹೊಲಿಗೆ ಮಷಿನ್ ಮುಂದೆ ಕೂತು ಆ ನಕ್ಷತ್ರದ ಹೊದಿಕೆಯನ್ನೇ ಹೊಲಿಯುತ್ತಿದ್ದಾರೆ. ಎಲ್ಲರೂ ಓಡುವ ಚಿತ್ರದ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಇವಳು ಮಾತ್ರ ಹೊಲಿಯುವ ಅಮ್ಮನನ್ನು ನೋಡುತ್ತಾ ಕ್ಲಾಸ್ ಮುಗಿದರೂ ಎದ್ದಿರಲಿಲ್ಲ.

ಆ ವಾರವೇ ಮನೆಗೆ ಫೋನ್ ಮಾಡಿ ಅಮ್ಮನನ್ನು ಕೇಳಲು ಶುರುಮಾಡಿದಳು. ಅಮ್ಮನಿಗೆ ಎಲ್ಲ ಗೊತ್ತಿತ್ತು, ಇವಳು ಕೇಳಿರಲಿಲ್ಲ ಅಷ್ಟೇ. ಮಾತೆಯ ಸೊಂಟದ ಕಪ್ಪು ಪಟ್ಟಿ ಬಸುರಿಯ ಗುರುತು ಅಂತೆ. ಸ್ಪೇನಿನವರು ಮೆಕ್ಸಿಕೊ ಗೆದ್ದ ಹತ್ತೇ ವರ್ಷಕ್ಕೆ, 1531ರಲ್ಲಿ, ಟೆಪೆಯಾಕ್ ಗುಡ್ಡದ ಮೇಲೆ ಮೂಲನಿವಾಸಿ ಹ್ವಾನ್ ದಿಯೆಗೊಗೆ ಕಾಣಿಸಿಕೊಂಡಳಂತೆ. ಮಾತಾಡಿದ್ದು ಗೆದ್ದವರ ಭಾಷೆಯಲ್ಲಲ್ಲ, ಅವನ ನಾವಾಟಲ್‌ನಲ್ಲಿ. 1966ರಲ್ಲಿ ಇದೇ ಕ್ಯಾಲಿಫೋರ್ನಿಯಾದ ಡೆಲಾನೊದಿಂದ ಸ್ಯಾಕ್ರಮೆಂಟೊವರೆಗೆ ದ್ರಾಕ್ಷಿ ತೋಟದ ಕೂಲಿಗಳು ನಡೆದು ಹೋದಾಗ ಅವರು ಹೊತ್ತಿದ್ದದ್ದೂ ಇವಳ ಬಾವುಟವನ್ನೇ. "ತಲೆ ತಗ್ಗಿಸೋದು ಬಿಟ್ಟು ಇಷ್ಟೆಲ್ಲ ಇತ್ತು, ನನಗೆ ಯಾರೂ ಹೇಳಲಿಲ್ಲ" ಅಂತ ಅವತ್ತು ರಾತ್ರಿ ಅತ್ತಳು.

ಚರ್ಚಿಗೆ ಅವಳು ಈಗಲೂ ತಪ್ಪದೆ ಹೋಗುವುದಿಲ್ಲ. ಆದರೆ ಒಂದು ತಿಂಗಳಿಂದ ರೂಮಿನ ತುಂಬ ಅಚ್ಚಿನ ಚಿತ್ರಕ್ಕೆ ಕೆತ್ತಿದ ಲಿನೋಲಿಯಂ ಹಾಳೆಯ ಪುಡಿ. ಅವಳಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾರೆ. ಅವರನ್ನೇ ಕೆತ್ತಿದ್ದಾಳೆ. ಕಿರಣಗಳ ಜಾಗದಲ್ಲಿ ಇಸ್ತ್ರಿಯ ಹಬೆ, ಕಾಲ ಕೆಳಗಿನ ಚಂದ್ರನ ಜಾಗದಲ್ಲಿ ಒಂದು ಹ್ಯಾಂಗರ್. ಬಲ ಮುಂಗೈ ಮೇಲಿನ ಸುಟ್ಟ ಕಲೆಯನ್ನೂ ಬಿಟ್ಟಿಲ್ಲ. ಅಚ್ಚು ಒತ್ತಿದಾಗ ಎಡಬಲ ಅದಲುಬದಲಾಗುತ್ತದಲ್ಲ, ಮೊದಲ ಸಲ ಕಲೆ ಎಡಗೈಗೆ ಬಂದುಬಿಟ್ಟಿತ್ತು. ಪೂರ್ತಿ ಹೊಸದಾಗಿ ಕೆತ್ತಿದಳು.

ಚರ್ಚಿನಿಂದ ಬಂದು ಬಿಸಿಬಿಸಿ ಚಂಪುರ‍್ರಾದೊ ಕುಡಿಯುವಾಗ ಆ ಅಚ್ಚಿನ ಚಿತ್ರವನ್ನು ಅಮ್ಮನ ಕೈಗೆ ಕೊಟ್ಟಳು. ಚಂಪುರ್ರಾದೊ ಅಂದರೆ ಮೆಕ್ಕೆಜೋಳದ ಹಿಟ್ಟು, ಚಾಕೊಲೇಟ್ ಹಾಕಿ ಕುದಿಸಿದ್ದು, ನಮ್ಮ ಗಂಜಿಯಷ್ಟೇ ಗಟ್ಟಿ. ಅಮ್ಮ ಲೋಟ ಕೆಳಗಿಟ್ಟು ತುಂಬ ಹೊತ್ತು ನೋಡಿದರು. ತಮ್ಮ ಮುಂಗೈಯನ್ನು ಒಮ್ಮೆ ಸವರಿಕೊಂಡರು.

"ನಾನು ತಲೆ ತಗ್ಗಿಸಿಲ್ಲವಲ್ಲ ಇದರಲ್ಲಿ?"

"ಇಲ್ಲಮ್ಮ."

ಅವರು ಎದ್ದು ದೇವರ ಗೂಡಿನ ಹತ್ತಿರ ಹೋದರು. ಗಾಜಿನ ಲೋಟದೊಳಗೆ ಉರಿಯುತ್ತಿದ್ದ ಮೇಣದಬತ್ತಿಯನ್ನು ಒಂದು ಗೇಣು ಆಚೆ ಸರಿಸಿದರು, ಕಾಗದಕ್ಕೆ ಬಿಸಿ ತಾಗಬಾರದು ಅಂತ. ಆಮೇಲೆ ಚಿತ್ರವನ್ನು ಗುಲಾಬಿಗಳಿಗೆ ಒರಗಿಸಿ ಇಟ್ಟರು.