ಬಿಳಿ ಫಿಲ್ಲಿಂಗ್‌ನ ಅಂಟು ಬಿಡುವುದು ಎಲ್ಲಿಂದ?

ಹಲ್ಲಿನ ಬಣ್ಣದ ಫಿಲ್ಲಿಂಗ್‌ನ ಅಂಚಿನಲ್ಲಿ ಕಂದು ಗೆರೆ ಮೂಡಿದರೆ ಎಲ್ಲರೂ ಬೈಯುವುದು ಅಲ್ಲಿ ತುಂಬಿದ ರಾಳಬೆರೆತ ವಸ್ತುವಾದ ಕಾಂಪೊಸಿಟನ್ನು. ಅದರ ಅಡಿಯಲ್ಲಿ ಕೂದಲಿಗಿಂತ ತೆಳ್ಳಗೆ ಕೂತು, ಅದನ್ನು ಹಲ್ಲಿಗೆ ಅಂಟಿಸುವ ಬಾಂಡ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಮೇಲೆ ಬಾಂಡ್ ಚೆನ್ನಾಗಿಯೇ ಬಾಳುತ್ತದೆ. 37% ಫಾಸ್ಫಾರಿಕ್ ಆಸಿಡ್ ಜೆಲ್ಲನ್ನು 15ರಿಂದ 30 ಸೆಕೆಂಡ್ ಇಟ್ಟು, ತೊಳೆದು ಒಣಗಿಸಿದರೆ ಎನಾಮೆಲ್ ಸೀಮೆಸುಣ್ಣದ ಹಾಗೆ ಮಂಕು ಬಿಳಿಯಾಗುತ್ತದೆ. ಹಾಗೆ ಆಗಲಿಲ್ಲವೆಂದರೆ ಎಚ್ಚಿಂಗ್, ಅಂದರೆ ಆಸಿಡ್ ಮೇಲ್ಮೈಯನ್ನು ಒರಟಾಗಿಸುವ ಕೆಲಸ, ಆಗಿಲ್ಲವೆಂದೇ ಲೆಕ್ಕ. 1955ರಲ್ಲಿ ಅಮೆರಿಕದ ದಂತ ಸಂಶೋಧಕ ಬ್ಯೂನೊಕೋರ್ ತೋರಿಸಿಕೊಟ್ಟ ದಾರಿ ಇದು. ಕೋಲಾರ, ಪಾವಗಡದ ಕಡೆ ಕಾಣುವ ಫ್ಲೋರೋಸಿಸ್ ಹಲ್ಲು (ನೀರಿನ ಅತಿಯಾದ ಫ್ಲೋರೈಡಿನಿಂದ ಕಲೆಗಟ್ಟಿದ್ದು) ಮಾತ್ರ ಆಸಿಡ್‌ಗೆ ಬೇಗ ಜಗ್ಗುವುದಿಲ್ಲ. ಮೇಲ್ಪದರವನ್ನು ತುಸು ಕೆರೆದು ಇನ್ನಷ್ಟು ಹೊತ್ತು ಎಚ್ ಮಾಡಬೇಕು.

ಕಷ್ಟವೆಲ್ಲ ಎನಾಮೆಲ್ ಅಡಿಯ ಪದರವಾದ ಡೆಂಟಿನ್‌ನದು. ಆಸಿಡ್ ಅಲ್ಲಿನ ಖನಿಜವನ್ನು ಕರಗಿಸಿದ ಮೇಲೆ ಉಳಿಯುವುದು ಒದ್ದೆಯಾದ ಕೊಲಾಜೆನ್ ನಾರಿನ ಜಾಲ. ಪೂರಾ ಒಣಗಿಸಿದರೆ ಜಾಲ ಕುಸಿದು ಬಾಂಡ್‌ಗೆ ಒಳಹೋಗಲು ದಾರಿಯೇ ಇರುವುದಿಲ್ಲ. ನೀರು ನಿಂತರೆ ಬಾಂಡ್ ನೀರಾಗಿ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಜೆಲ್ಲನ್ನು 15 ಸೆಕೆಂಡ್ ಮೀರಿ ಬಿಟ್ಟರೆ ಆಸಿಡ್ ಇಳಿದಷ್ಟು ಆಳಕ್ಕೆ ಬಾಂಡ್ ಇಳಿಯದೆ, ತಳದಲ್ಲಿ ನಾರು ಬೆತ್ತಲಾಗಿಯೇ ಉಳಿಯುತ್ತದೆ. ಡೆಂಟಿನ್‌ನಲ್ಲೇ ಹುದುಗಿರುವ ಎಂಎಂಪಿ ಕಿಣ್ವಗಳು ಆ ನಾರನ್ನು ತುಂಡರಿಸುತ್ತ ಹೋಗುತ್ತವೆ. ಇತ್ತ ನೀರು ಬಾಂಡ್‌ನ ರಾಳವನ್ನೇ ಸಡಿಲಿಸುತ್ತದೆ. ಮೊದಲ ದಿನ ಇದು ಯಾವುದೂ ಗೊತ್ತಾಗುವುದಿಲ್ಲ.

ಹಾಗಾಗಿ ಜೆಲ್ ಎನಾಮೆಲ್ ಅಂಚಿಗಷ್ಟೇ ಸಾಕು. ಡೆಂಟಿನ್ನನ್ನು, ಜೆಲ್ ಇಲ್ಲದೆ ತಾನೇ ಎಚ್ ಮಾಡಿಕೊಳ್ಳುವ, 10-ಎಂಡಿಪಿ ಎಂಬ ಆಮ್ಲೀಯ ರಾಸಾಯನಿಕ ಇರುವ ಯೂನಿವರ್ಸಲ್ ಬಾಂಡ್‌ಗೆ ಬಿಡುವುದೇ ಮೇಲು. ಎಂಡಿಪಿ ಹಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿ ಕಟ್ಟುವ ಲವಣ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಆದರೆ ಅದನ್ನು ಬರೀ ಸವರಿ ಬಿಟ್ಟರೆ ಆಗದು. ಬ್ರಶ್‌ನಿಂದ 20 ಸೆಕೆಂಡ್ ತಿಕ್ಕಬೇಕು. ಆಮೇಲೆ ಗಾಳಿ: ಮೊದಲು ಮೆಲ್ಲಗೆ, ಬರಬರುತ್ತ ಜೋರಾಗಿ. ಹಚ್ಚಿದ್ದು ಅಲೆಯಾಡುವುದು ನಿಂತು, ಒಂದೇ ಸಮನೆ ಹೊಳೆಯುವವರೆಗೆ ಊದಬೇಕು. ಅಲ್ಲಿಯವರೆಗೂ ಅದರಲ್ಲಿ ನೀರು, ಆಲ್ಕೋಹಾಲ್ ಉಳಿದಿರುತ್ತವೆ. ಅವಸರ ಮಾಡುವುದು ಹೆಚ್ಚಾಗಿ ಇಲ್ಲೇ. ಆ ಗಾಳಿಯ ಜೊತೆ ಕಂಪ್ರೆಸರ್‌ನ ಎಣ್ಣೆ ಬಂದರಂತೂ ಅಷ್ಟು ಹೊತ್ತಿನ ಕೆಲಸ ನೀರುಪಾಲು. ಬಾಯಿ ಕನ್ನಡಿಯ ಮೇಲೊಮ್ಮೆ ಊದಿ ನೋಡಿದರೆ ತಿಳಿಯುತ್ತದೆ. ಬಾಂಡನ್ನು ಮೊದಲೇ ತಟ್ಟೆಗೆ ಸುರಿದಿಡುವ ಅಭ್ಯಾಸವೂ ಕೆಟ್ಟದ್ದು, ದ್ರಾವಕ ಆರಿ ದಪ್ಪವಾಗುತ್ತದೆ.

ಬಾಂಡನ್ನು ಗಟ್ಟಿಯಾಗಿಸುವ ಲೈಟ್ ಹಿಡಿಯುವ ಮೊದಲೇ ಜೊಲ್ಲು ತಾಗಿದರೆ ಒರೆಸಿ ಮುಂದುವರಿಯಬಾರದು. ತೊಳೆದು, ಒಣಗಿಸಿ, ಬಾಂಡನ್ನು ಮತ್ತೆ ಹಚ್ಚಬೇಕು. ಬ್ಲೀಚ್ ಮಾಡಿದ ಹಲ್ಲಿಗೆ ಎರಡು ವಾರ ಬಿಡುವು ಕೊಡಬೇಕು, ಒಳಗುಳಿದ ಆಮ್ಲಜನಕ ರಾಳವನ್ನು ಗಟ್ಟಿಯಾಗಲು ಬಿಡುವುದಿಲ್ಲ.

ಇಷ್ಟಾದರೂ ಒಸಡಿನ ಕೆಳಗಿಳಿದ ಅಂಚನ್ನು ನಂಬುವ ಹಾಗಿಲ್ಲ. ಅಲ್ಲಿ ಹಿಡಿದುಕೊಳ್ಳಲು ಎನಾಮೆಲ್ಲೇ ಇರುವುದಿಲ್ಲ. ಜೊಲ್ಲು ತಡೆಯುವ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಕೂರದಿದ್ದರೆ ಒಣಗಿಸುವುದೂ ಕಷ್ಟ. ಅಂಥ ಕಡೆ ತಳಕ್ಕೆ, ಹಲ್ಲಿಗೆ ತಾನಾಗಿಯೇ ಅಂಟುವ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಾಕಿ, ಮೇಲೆ ಕಾಂಪೊಸಿಟ್ ತುಂಬುವುದು ಸರಿ.