ಒಂದು ಸೊನ್ನೆ ತಿಂದ ಎರಡು ದಿನ

ಡಿಎಸ್‌ಎಲ್ (ಟೆಲಿಫೋನ್ ತಂತಿ ಮೇಲಿನ ಇಂಟರ್‌ನೆಟ್) ಲೈನಿನ ವೇಗ ಯಾವಾಗಲೂ ಒಂದೇ ಇರುವುದಿಲ್ಲ. ತಂತಿಯಲ್ಲಿ ನಾಯ್ಸ್ ಜಾಸ್ತಿಯಾದರೆ ಮೋಡೆಮ್‌ನ ಸಂಪರ್ಕ ಬಿದ್ದು, ಕಡಿಮೆ ವೇಗಕ್ಕೆ ಮತ್ತೆ ಸಿಂಕ್ ಆಗುತ್ತದೆ. ಇದು ಡಿಎಸ್‌ಲ್ಯಾಮ್‌ಗೆ, ಅಂದರೆ ಗ್ರಾಹಕರ ಲೈನ್‌ಗಳೆಲ್ಲ ಬಂದು ಸೇರುವ ಪೆಟ್ಟಿಗೆಗೆ, ಗೊತ್ತಾಗುತ್ತದೆ. ಅದರ ಹಿಂದೆ ಕೂತು ಗ್ರಾಹಕರ ಟ್ರಾಫಿಕ್ ನೋಡಿಕೊಳ್ಳುವ ಬಿಎನ್‌ಜಿ ರೂಟರ್‌ಗೆ ಯಾರಾದರೂ ಹೇಳಬೇಕು. ಆ ಸುದ್ದಿ ಮುಟ್ಟಿಸುವುದು ಎಎನ್‌ಸಿಪಿ ಎಂಬ ಪ್ರೊಟೊಕಾಲ್.

ಅದನ್ನು ಕಾನ್ಫಿಗರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಡಿಎಸ್‌ಲ್ಯಾಮ್ ರೂಟರ್‌ನ ಟಿಸಿಪಿ ಪೋರ್ಟ್ 6068ಕ್ಕೆ ಬಂದು ಸೇರಿಕೊಂಡಿತು, ಅಡ್ಜಸೆನ್ಸಿ (ಎರಡರ ನಡುವಿನ ಎಎನ್‌ಸಿಪಿ ಸಂಬಂಧ) ಎದ್ದಿತು, ಲೈನ್ ಎದ್ದಿದೆ ಅನ್ನುವ ಪೋರ್ಟ್ ಅಪ್ ಮೆಸೇಜ್‌ಗಳು ಸಾಲಾಗಿ ಬಂದವು. ಆಯ್ತಲ್ಲ ಅಂತ ಟಿಕೆಟ್ ಮುಚ್ಚಿದೆ.

ಮಾರನೇ ದಿನವೇ ದೂರು. ಬ್ರೌಸಿಂಗ್ ಹೇಗೋ ನಡೆಯುತ್ತಿದೆ, ಫೋನ್ ಕರೆ ಮಾತ್ರ ತುಂಡು ತುಂಡು. ನೋಡಿದರೆ ಲೈನ್ 8 ಎಂಬಿಪಿಎಸ್‌ಗೆ ಇಳಿದಿದೆ, ರೂಟರ್ ಇನ್ನೂ 20ರ ಲೆಕ್ಕದಲ್ಲೇ ಕಳಿಸುತ್ತಿದೆ. ಮಿಕ್ಕಿದ ಪ್ಯಾಕೆಟ್‌ಗಳನ್ನೆಲ್ಲ ಡಿಎಸ್‌ಲ್ಯಾಮ್ ಬಿಸಾಡುತ್ತಿತ್ತು. ನಮ್ಮ ಸೆಟಪ್‌ನಲ್ಲಿ ವಾಯ್ಸ್‌ಗೆ ಮೊದಲ ದಾರಿ ಬಿಡುವುದು ರೂಟರ್. ಡಿಎಸ್‌ಲ್ಯಾಮ್‌ಗೆ ವಾಯ್ಸೂ ಒಂದೇ, ಡೌನ್‌ಲೋಡೂ ಒಂದೇ.

ಎರಡು ದಿನ ಕ್ಯೂ ಸೆಟ್ಟಿಂಗ್‌ಗಳನ್ನು ಸುಮ್ನೆ ಕೆದಕಿದೆ. ಆಮೇಲೆ ಎಎನ್‌ಸಿಪಿ ಪೋರ್ಟ್‌ಗಳ ಪಟ್ಟಿ ತೆಗೆದೆ. 8 ಎಂಬಿಪಿಎಸ್ ಅಂತ ಅಲ್ಲೇ ಇದೆ! ಪಕ್ಕದ ಇಂಟರ್‌ಫೇಸ್ ಕಾಲಂ ಮಾತ್ರ ಖಾಲಿ. ಸುದ್ದಿ ಬಂದಿದೆ, ಯಾರ ಸುದ್ದಿ ಅಂತ ರೂಟರ್‌ಗೆ ತಿಳಿದಿಲ್ಲ. ಈ ಗುರುತು ಹಿಡಿಯುವುದು ಪ್ರತಿ ಲೈನಿಗೆ ಹೆಸರಿನಂತಿರುವ ಸರ್ಕ್ಯೂಟ್ ಐಡಿಯಿಂದ. ಡಿಎಸ್‌ಲ್ಯಾಮ್ ಕಳಿಸಿದ್ದನ್ನೂ ರೂಟರ್‌ನಲ್ಲಿ ನಾನು ಬರೆದಿದ್ದನ್ನೂ ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೊಂದು ಅಂಟಿಸಿದೆ. ಮೇಲಿನದರಲ್ಲಿ ಸ್ಲಾಟ್ 1, ಪೋರ್ಟ್ 7. ಕೆಳಗಿನದರಲ್ಲಿ ಸ್ಲಾಟ್ 01, ಪೋರ್ಟ್ 7. ನಮಗೆ ಎರಡೂ ಒಂದೇ ಅಲ್ವಾ? ರೂಟರ್‌ಗೆ ಅದು ಅಂಕಿಯಲ್ಲ, ಅಕ್ಷರಗಳ ಸಾಲು. ಒಂದಕ್ಷರ ಹೆಚ್ಚಾದರೂ ಬೇರೆ ಲೈನ್.

ಆ ಸೊನ್ನೆ ಹಾಕಿದ್ದೂ ನಾನೇ. ಎಕ್ಸೆಲ್ ಶೀಟ್‌ನಲ್ಲಿ ಸ್ಲಾಟ್‌ಗಳು ಸರಿಯಾಗಿ ಸಾರ್ಟ್ ಆಗಲಿ ಅಂತ ಹಾಕಿ, ಅಲ್ಲಿಂದಲೇ ಕಾನ್ಫಿಗ್‌ಗೆ ಕಾಪಿ ಮಾಡಿದ್ದೆ.

ಸೊನ್ನೆ ತೆಗೆದ ಮೇಲೆ ಶೇಪರ್ (ರೂಟರ್ ಕಳಿಸುವ ವೇಗದ ಮಿತಿ) 8ಕ್ಕೆ ಇಳಿಯಿತು. ಆದರೂ ಕರೆ ಆಗಾಗ ಕಡಿಯುತ್ತಿತ್ತು. ಇದಕ್ಕೆ ಕಾರಣ ಬೇರೆ. ನಮ್ಮದು ಎಟಿಎಂ (ಡೇಟಾವನ್ನು ಸೆಲ್ ಎಂಬ ಒಂದೇ ಅಳತೆಯ ತುಂಡುಗಳಲ್ಲಿ ಕಳಿಸುವ ವಿಧಾನ) ಮೇಲಿನ ಎಡಿಎಸ್‌ಎಲ್ ಎಂಬ ಬಗೆಯ ಡಿಎಸ್‌ಎಲ್. ಡಿಎಸ್‌ಲ್ಯಾಮ್ ಹೇಳುವ ವೇಗದಲ್ಲಿ ಸೆಲ್‌ಗಳ ಹೆಡರೂ ಸೇರಿರುತ್ತದೆ: 53 ಬೈಟ್‌ನ ಸೆಲ್‌ನಲ್ಲಿ ಡೇಟಾಗೆ ಸಿಗುವುದು 48. ಕೊನೆಯ ಸೆಲ್ ತುಂಬದಿದ್ದರೆ ಖಾಲಿ ಜಾಗಕ್ಕೂ ಪ್ಯಾಡಿಂಗ್ ತುರುಕಿ ಕಳಿಸಬೇಕು. ಚಿಕ್ಕ ಪ್ಯಾಕೆಟ್‌ಗಳಿಗೆ ಈ ಹೊಡೆತ ಇನ್ನೂ ಜಾಸ್ತಿ, ವಾಯ್ಸ್ ಪ್ಯಾಕೆಟ್‌ಗಳೆಲ್ಲ ಚಿಕ್ಕವೇ. ರೂಟರ್‌ನಲ್ಲಿ ಎಡಿಎಸ್‌ಎಲ್ ಲೈನ್‌ಗಳಿಗೆ ಬಂದ ವೇಗದ ಶೇಕಡಾ 85 ಮಾತ್ರ ಬಳಸು ಅಂತ ಹಾಕಿದೆ. ಕರೆಗಳು ನೆಟ್ಟಗಾದವು.

ಈಗ ಅಡ್ಜಸೆನ್ಸಿ ಎದ್ದಿತು ಅಂತ ಟಿಕೆಟ್ ಮುಚ್ಚುವುದಿಲ್ಲ. ಟೆಸ್ಟ್ ಲೈನ್‌ನ ಪ್ರೊಫೈಲ್ ವೇಗ ಇಳಿಸಿ ಮೋಡೆಮ್ ಮತ್ತೆ ಸಿಂಕ್ ಆಗಲು ಬಿಡುತ್ತೇನೆ. ಶೇಪರ್‌ನ ಅಂಕಿ ಕಣ್ಣೆದುರೇ ಬದಲಾಗಬೇಕು. ಎಕ್ಸೆಲ್ ಶೀಟ್‌ನಲ್ಲಿ ಸೊನ್ನೆ ಹಾಗೇ ಇದೆ, ಸಾರ್ಟಿಂಗ್‌ಗೆ ಅಂತ ಬೇರೆ ಕಾಲಂನಲ್ಲಿ.