ಕ್ರಿಸ್‌ಮಸ್ ರಜೆಗೆ ಒಂದು ಚೀಲ ಅವರೆಕಾಯಿ

ಡಿಸೆಂಬರ್ ಕೊನೆಯ ವಾರ ಹಲವು ಕಡೆ ಪ್ಲೇಹೋಮ್, ಎಲ್‌ಕೆಜಿ, ಯುಕೆಜಿಗೆ ರಜೆ. ಬೆಂಗಳೂರು, ಮಾಗಡಿ, ಮೈಸೂರು ಕಡೆ ಅದೇ ಹೊತ್ತಿಗೆ ಸೊಗಡಿನ ಅವರೆಕಾಯಿ ರಾಶಿ ಬಂದು ಬೀಳುತ್ತದೆ. ಮೂರರಿಂದ ಐದು ವರ್ಷದ ಮಕ್ಕಳಿಗೆ ಈ ಕಾಲದಲ್ಲಿ ಇದಕ್ಕಿಂತ ಒಳ್ಳೆಯ ಆಟದ ಸಾಮಾನಿಲ್ಲ. ಬಿಡಿಸುವುದು, ಆರಿಸುವುದು, ನೆನೆಸುವುದು, ಹಿತುಕುವುದು ಎಂದು ಎರಡು ದಿನದ ಕೆಲಸ ಒಂದೇ ಕಾಯಿಯಲ್ಲಿದೆ. ಕೊನೆಗೆ ಅದೇ ಕಾಳು ಸಾರಾಗಿ ತಟ್ಟೆಗೆ ಬರುತ್ತದೆ. ಮನೆಗೆ ನಿಜವಾಗಿ ಬೇಕಾದ ಕೆಲಸ ಎಂದು ಗೊತ್ತಾದರೆ ಮಕ್ಕಳು ಕೂರುವ ರೀತಿಯೇ ಬೇರೆ.

ಮೊದಲು ಎಚ್ಚರಿಕೆ. ಈ ವಯಸ್ಸಿನ ಮಕ್ಕಳು ಕಾಳನ್ನು ಬಾಯಿಗೆ, ಮೂಗಿಗೆ, ಕಿವಿಗೆ ಹಾಕಿಕೊಳ್ಳುತ್ತಾರೆ. ಕೈಗೆ ಎಟುಕುವಷ್ಟು ಹತ್ತಿರ ದೊಡ್ಡವರೊಬ್ಬರು ಕೂತೇ ಇರಬೇಕು. ಅಡುಗೆಮನೆಯಿಂದ ಕಣ್ಣಿಟ್ಟರೆ ಸಾಲದು. ಹಸಿ ಅವರೆಕಾಳು ತಿನ್ನುವ ವಸ್ತುವಲ್ಲ, ಬೇಯಿಸಿದ ಮೇಲೆಯೇ ಬಾಯಿಗೆ. ಇದನ್ನು ಶುರುವಿನಲ್ಲೇ ಹೇಳಿಬಿಡಿ.

ಬಿಡಿಸಲು ಕೂರಿಸುವಾಗ ಇಡೀ ಚೀಲ ಮುಂದೆ ಸುರಿಯಬೇಡಿ. ರಾಶಿ ಕಂಡರೆ ಮಗು ಎರಚಲು ಶುರುಮಾಡುತ್ತದೆ. 15 ರಿಂದ 20 ಕಾಯಿ ಸಾಕು, ಅದೂ ಚೆನ್ನಾಗಿ ಬಲಿತು ಉಬ್ಬಿದವು. ಚಾಪೆಯ ಮೇಲೆ ಎಡಕ್ಕೆ ಕಾಯಿಯ ತಟ್ಟೆ, ನಡುವೆ ಅಗಲ ಬಾಯಿಯ ಸ್ಟೀಲ್ ಬೋಗುಣಿ, ಬಲಕ್ಕೆ ಸಿಪ್ಪೆಯ ಬುಟ್ಟಿ. ಕಾಳು ಬಿದ್ದಾಗ ಟಣ್ ಎನ್ನುವ ಸದ್ದೇ ಅರ್ಧ ಆಟ, ಹಾಗಾಗಿ ಪ್ಲಾಸ್ಟಿಕ್ ಬೇಡ. ಮೂರು ವರ್ಷದವರಿಗೆ ಕಾಯಿಯ ತುದಿ ಮುರಿಯಲು ಬಲ ಸಾಲದು. ನೀವು ತುದಿ ಮುರಿದು, ನಾರೆಳೆದು ಕೊಡಿ, ಉಳಿದದ್ದನ್ನು ಅವರು ಹೆಬ್ಬೆರಳಿನಿಂದ ಬಿಡಿಸಲಿ. ಐದು ವರ್ಷದವರು ಪೂರ್ತಿ ತಾವೇ ಮಾಡುತ್ತಾರೆ. ಸೊಗಡಿಗೆ ಬೆರಳು ಅಂಟಂಟಾಗುತ್ತದೆ, ಆ ಕೈಯಲ್ಲಿ ಕಣ್ಣುಜ್ಜಿಕೊಳ್ಳದಂತೆ ನೋಡಿಕೊಳ್ಳಿ. ಹುಳ ಸಿಕ್ಕೇ ಸಿಗುತ್ತದೆ. ಕಿರುಚಬೇಡಿ, ನೀವು ಹೆದರಿದರೆ ಮಗು ಆ ಬುಟ್ಟಿಯ ಹತ್ತಿರ ಮತ್ತೆ ಬರುವುದಿಲ್ಲ. ಒಂದು ಎಲೆಯ ಮೇಲೆ ಬಿಟ್ಟು ತೋರಿಸಿ.

ಅಜ್ಜಿಯೂ ಜೊತೆಗೆ ಕೂತರೆ ಮಗುವಿನ ಬೋಗುಣಿ ಬೇರೆ ಇರಲಿ. ಅಜ್ಜಿಯ ಕೈಯ ವೇಗಕ್ಕೆ ತನ್ನ ಹತ್ತು ಕಾಳು ಎಲ್ಲಿ ಹೋಯಿತೆಂದು ಗೊತ್ತಾಗದೆ ಮಗು ಎದ್ದುಹೋಗುತ್ತದೆ.

ಬಿಡಿಸಿದ ಮೇಲೆ ಎಳೆಯವನ್ನೂ ಬಲಿತವನ್ನೂ ಬೇರೆ ಮಾಡಿಸಿ. ಇದು ಬರೀ ಆಟವಲ್ಲ, ಮುಂದಿನ ಹೆಜ್ಜೆಗೆ ಬೇಕೇ ಬೇಕು. ಎಳೆ ಕಾಳಿನ ಸಿಪ್ಪೆ ಜಾರುವುದಿಲ್ಲ, ಹಿತುಕಿದರೆ ಬೇಳೆಯೇ ನುಜ್ಜಾಗುತ್ತದೆ. ಅದನ್ನು ಉಪ್ಪಿಟ್ಟಿಗೋ ಅಕ್ಕಿ ರೊಟ್ಟಿಗೋ ಎತ್ತಿಡಿ. ಬಲಿತ ಕಾಳನ್ನು ರಾತ್ರಿ ಅದರ ಎರಡರಷ್ಟು ನೀರಿನಲ್ಲಿ ನೆನೆಹಾಕಿ, ಏಳೆಂಟು ಗಂಟೆ ಬೇಕು. ಬೆಳಿಗ್ಗೆ ನೀರು ಕೊರೆಯುತ್ತಿರುತ್ತದೆ, ಪುಟ್ಟ ಬೆರಳು ಸೆಟೆದರೆ ಹಿತುಕಲಾಗದು. ಆ ನೀರು ಚೆಲ್ಲಿ ಉಗುರುಬೆಚ್ಚಗಿನ ನೀರು ಹಾಕಿ. ಸಿಪ್ಪೆಯೂ ಸಲೀಸಾಗಿ ಬಿಡುತ್ತದೆ.

ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕೆಂದು ಹಾರುತ್ತದೆ. ಪೆನ್ಸಿಲ್ ಹಿಡಿಯಲು ಬಲ ಬೇಕಾಗಿರುವುದು ಇದೇ ಬೆರಳುಗಳಿಗೆ. ಅಕ್ಷರ ತಿದ್ದಿಸುವ ಆತುರ ಇರುವವರು ರಜೆಯಲ್ಲಿ ಇದನ್ನೇ ಮಾಡಿಸಲಿ. ಸಿಪ್ಪೆ ಜಾರದಿದ್ದರೆ ನೀವು ಉಗುರಿನಿಂದ ತುದಿಯಲ್ಲಿ ಚಿಕ್ಕದಾಗಿ ಗೀರಿ ಕೊಡಿ. ಬೇಳೆ ಗೋಡೆಗೆ ಹಾರುತ್ತಿದ್ದರೆ ಕೈಯನ್ನು ಬೋಗುಣಿಯೊಳಗೆ ತಗ್ಗಿಸಿ ಒತ್ತಲು ತೋರಿಸಿ. ಹದಿನೈದು ಇಪ್ಪತ್ತು ನಿಮಿಷಕ್ಕೆ ಎರಚಾಟ ಶುರುವಾದರೆ ಕೈ ದಣಿದಿದೆ ಎಂದರ್ಥ. ಬೈಯದೆ ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಿಮ್ಮ ಪಾಲು.

ಆಮೇಲೆ ಮೈಗೆ ಕೆಲಸ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಟ್ಟು 180 ನಿಮಿಷ ಓಡಾಟ ಇರಲಿ, ಕೂತು ಪರದೆ ನೋಡುವುದು 1 ಗಂಟೆ ಮೀರದಿರಲಿ ಎಂದು ಹೇಳಿದೆ. ಚಳಿಯಲ್ಲಿ ಬೆಳಿಗ್ಗೆಯೇ ಹೊರಗೆ ಅಟ್ಟಬೇಕಿಲ್ಲ. ಬಿಸಿಲೇರಿದ ಮೇಲೆ ಸಿಪ್ಪೆಯ ಬುಟ್ಟಿಯನ್ನು ಮಗುವೇ ಹೊತ್ತು ಹಸುವಿಗೋ ಗೊಬ್ಬರದ ಡಬ್ಬಕ್ಕೋ ಹಾಕಿ ಬರಲಿ. ಒಂದೇ ಸಲಕ್ಕೆ ಬೇಡ, ಸ್ವಲ್ಪ ಸ್ವಲ್ಪವಾಗಿ ನಾಲ್ಕು ಸಲ.

ಧನುರ್ಮಾಸ ಬೇರೆ ಇರುತ್ತದೆ, ಮನೆ ಮುಂದೆ ರಂಗೋಲಿ ಇದ್ದೇ ಇರುತ್ತದೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನದು, ಮಕ್ಕಳ ಕೈಗೆ ಬೇಡ. ಅಕ್ಕಿ ಹಿಟ್ಟು ಕೊಡಿ. ತೀರ ನುಣ್ಣಗಿದ್ದರೆ ಬೆರಳಿಗೆ ಮೆತ್ತಿ ಗೆರೆ ಬೀಳುವುದಿಲ್ಲ, ಸ್ವಲ್ಪ ತರಿಯಾಗಿರಬೇಕು. ನೆಲ ಪೂರ್ತಿ ಒಣಗಿರಲಿ. ಸೀಮೆಸುಣ್ಣದಲ್ಲಿ ಮೂರು ಸಾಲು, ಮೂರು ಚುಕ್ಕಿ ನೀವಿಟ್ಟು, ಅದರ ಮೇಲೆ ಚಿಟಿಕೆ ಹಿಟ್ಟು ಇಡುವುದನ್ನು ಮಾತ್ರ ಅವರಿಗೆ ಬಿಡಿ. ಗೆರೆ ಎಳೆಯುವುದು ಮುಂದಿನ ವರ್ಷಕ್ಕಾಯಿತು.

ರಜೆಯ ಮೊದಲ ದಿನವೇ ಶುರುಮಾಡಬೇಕಾದ ಕೆಲಸ ಇನ್ನೊಂದಿದೆ: ಮೆಂತ್ಯ ಬಿತ್ತನೆ. ಎರಡು ಚಮಚ ಮೆಂತ್ಯ ರಾತ್ರಿ ನೆನೆಸಿ, ತಳದಲ್ಲಿ ತೂತಿರುವ ಟ್ರೇಯಲ್ಲಿ ಎರಡು ಇಂಚು ಮಣ್ಣು ಹರಡಿ, ಬೀಜ ಉದುರಿಸಿ ಮೇಲೆ ತೆಳ್ಳಗೆ ಮಣ್ಣು ಮುಚ್ಚಿ. ಮೂರು ನಾಲ್ಕು ದಿನಕ್ಕೆ ಮೊಳಕೆ ಕಾಣುತ್ತದೆ. ಕೊತ್ತಂಬರಿ ಬೇಡ, ಅದು ಮೇಲೇಳುವಷ್ಟರಲ್ಲಿ ಮಗುವಿನ ಆಸೆಯೇ ಬತ್ತಿರುತ್ತದೆ. ಇಲ್ಲಿ ಕೆಡುವುದು ನೀರಿನಿಂದಲೇ. ಮಕ್ಕಳು ದಿನಕ್ಕೆ ಐದು ಸಲ ಹೊಯ್ಯುತ್ತಾರೆ, ಬೀಜ ಕೊಳೆಯುತ್ತದೆ. ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿದ ಚಿಕ್ಕ ಬಾಟಲಿಯಲ್ಲಿ ಆ ದಿನದ ನೀರನ್ನು ಬೆಳಿಗ್ಗೆಯೇ ಅಳೆದು ತುಂಬಿಸಿಡಿ. ಮುಗಿದರೆ ಮುಗಿಯಿತು, ಮತ್ತೆ ನಾಳೆ. ಶಾಲೆ ಬಾಗಿಲು ತೆರೆಯುವ ಹೊತ್ತಿಗೆ ಎಲೆ ಬಿಟ್ಟಿರುತ್ತದೆ, ಸಂಕ್ರಾಂತಿಯ ಹೊತ್ತಿಗೆ ಒಂದು ಹಿಡಿ ಕೊಯ್ದು ಚಪಾತಿ ಹಿಟ್ಟಿಗೆ ಕಲಸಬಹುದು.